ಹಿಂದಕ್ಕೆ ಓಡಿಬರುವವನು

(ಕಾರ್ಮಿಕರಾದ ಸಂತ ಜೋಸೆಫರ ಹಬ್ಬದಂದು ನೀಡಿದ ಪ್ರಬೋಧನೆ)



ಇಂದು ಮೇ 1. 1955ರಲ್ಲಿ ಪೋಪ್ ಹನ್ನೆರಡನೆಯ ಪಯಸ್‌ರವರು ಈ ದಿನವನ್ನು ಕಾರ್ಮಿಕರಾದ ಸಂತ ಜೋಸೆಫರ ಹಬ್ಬವೆಂದು ಸಾರಿದರು. ನಾಲ್ಕು ಶುಭಸಂದೇಶಗಳನ್ನು ಹುಡುಕಿದರೂ ಜೋಸೆಫರು ಆಡಿದ ಒಂದೇ ಒಂದು ಮಾತು ನಮಗೆ ಸಿಗುವುದಿಲ್ಲ. ಅವರ ಕಸುಬೊಂದು ಸಿಗುತ್ತದೆ. ಅದೂ ಹೇಗೆ? ಬಡಗಿಯ ಮಗನಿಗೆ ಇಷ್ಟು ಜ್ಞಾನ ಎಲ್ಲಿಂದ ಬಂತೆಂದು ಊರಿನವರು ಯೇಸುಸ್ವಾಮಿಯನ್ನು ಹಗುರವಾಗಿ ಕಂಡ ಸಂದರ್ಭದಲ್ಲಿ.

ಸಂಜೆ ನಮ್ಮ ಯುವಕರ ಹಾಕಿ ಪಂದ್ಯವಿದೆ. ಆದ್ದರಿಂದ ಆಟದ ಮಾತನ್ನೇ ಎತ್ತಿಕೊಳ್ಳುತ್ತೇವೆ. ಪೂಜೆಯ ಮಧ್ಯೆ ಹಾಕಿಯೇ ಎಂದು ಹಿರಿಯರು ಹುಬ್ಬೇರಿಸುವುದು ಬೇಡ. ನಮ್ಮ ಹಾಸನ ಜಿಲ್ಲೆಯ ಗಡಿ ದಾಟಿದರೆ ಕೊಡಗು. ಅಲ್ಲಿ ಹಾಕಿ ಎಂದರೆ ಮನೆಮಂದಿಯ ಹಬ್ಬ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿ ಆರಂಭಿಸಿದಾಗ 60 ತಂಡಗಳು ಬಂದಿದ್ದವು. 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳು ಸೇರಿದವು. ಒಂದೇ ಮನೆತನದ ಹಿರಿಯರು, ಹೆಣ್ಣುಮಕ್ಕಳು, ಶಾಲೆಗೆ ಹೋಗುವ ಹುಡುಗ, ಎಲ್ಲರೂ ಒಂದೇ ತಂಡದಲ್ಲಿ ನಿಲ್ಲಬಹುದು. ಸಂಬಳವಿಲ್ಲ, ಬಡ್ತಿಯಿಲ್ಲ. ಆದರೂ ಮೊಣಕಾಲು ತರಚಿಕೊಂಡು ಓಡುತ್ತಾರೆ.

ಅದೇ ಜಿಲ್ಲೆಯ ಸೋಮವಾರಪೇಟೆಯ ಎಸ್.ವಿ. ಸುನಿಲ್ ಅವರನ್ನು ನಿಮ್ಮ ಮಕ್ಕಳು ಬಲ್ಲರು. ಅವರ ತಂದೆ ಬಡಗಿ. ಹಾಕಿ ಸ್ಟಿಕ್ ಕೊಳ್ಳಲು ಶಕ್ತಿಯಿಲ್ಲದ ಮನೆಯ ಈ ಹುಡುಗ ಬಿದಿರಿನ ಕೋಲಿನಲ್ಲಿ ಆಡಲು ಕಲಿತು, 2012 ಮತ್ತು 2016ರ ಒಲಿಂಪಿಕ್ಸ್‌ನಲ್ಲಿ ಭಾರತಕ್ಕಾಗಿ ಆಡಿದರು. ಬಡಗಿಯ ಮಗ ತಾನೇ ಎನ್ನುವ ಮುನ್ನ ನಾವು ಸ್ವಲ್ಪ ತಡೆದುಕೊಳ್ಳುವುದು ಒಳ್ಳೆಯದು.

ಹಾಕಿಯಲ್ಲಿ ಗೋಲು ಹೊಡೆದವನಿಗೆ ಚಪ್ಪಾಳೆ. ಆದರೆ ಪೆನಾಲ್ಟಿ ಕಾರ್ನರ್ ಸಮಯದಲ್ಲಿ ಗಮನಿಸಿ. ಗೋಲ್‌ಕೀಪರ್ ಸೇರಿ ಐವರು ಮಾತ್ರ ಗೆರೆಯ ಹಿಂದೆ ನಿಂತಿರುತ್ತಾರೆ, ಉಳಿದವರೆಲ್ಲ ಮೈದಾನದ ನಡುಗೆರೆಯಾಚೆ. ಚೆಂಡು ಹೊರಟ ಕ್ಷಣವೇ ಆ ಐವರಲ್ಲಿ ಒಬ್ಬ, ಗಟ್ಟಿಯಾಗಿ ಹೊಡೆಯಲಿರುವ ಎದುರಾಳಿಯತ್ತ ನೇರ ನುಗ್ಗುತ್ತಾನೆ. ಚೆಂಡು ಮೈಗೆ ಬಡಿದೀತೆಂದು ಗೊತ್ತಿದ್ದೇ ನುಗ್ಗುತ್ತಾನೆ. ಆಚೆಗಿದ್ದವರೂ ಉಸಿರು ಕಟ್ಟಿ ಹಿಂದಕ್ಕೆ ಓಡಿಬರಬೇಕು. ಇವರ ಹೆಸರನ್ನು ಮೈಕಿನಲ್ಲಿ ಯಾರೂ ಕೂಗುವುದಿಲ್ಲ. ಚೆಂಡು ತನ್ನ ಬಳಿ ಇಲ್ಲದಾಗ ಒಬ್ಬ ಏನು ಮಾಡುತ್ತಾನೆಂದು ನೋಡಿ, ಅವನು ಗದ್ದೆಯಲ್ಲಿ, ಕಚೇರಿಯಲ್ಲಿ ಹೇಗಿರುತ್ತಾನೆಂದು ಸುಮಾರಾಗಿ ಊಹಿಸಬಹುದು ಎಂದು ನಾವು ಬಹಳ ಕಾಲ ನಂಬಿದ್ದೆವು.

ಇದಕ್ಕೆ ನಮ್ಮ ಕಣ್ಣೆದುರೇ ಸಾಕ್ಷಿಯಿದೆ. ಬೇಲೂರಿನ ಚೆನ್ನಕೇಶವ ದೇಗುಲ ಪ್ರತಿಷ್ಠೆಯಾದದ್ದು 1117ರಲ್ಲಿ. ಬಳ್ಳಿಗಾವೆಯ ದಾಸೋಜ, ಆತನ ಮಗ ಚಾವಣ, ಇಬ್ಬರೂ ತಾವು ಕಡೆದ ಶಿಲ್ಪದ ಕೆಳಗೆ ಹೆಸರು ಕೆತ್ತಿದ್ದಾರೆ. ಅಪ್ಪನ ಕೈಕೆಳಗೆ ಮಗ ಉಳಿ ಹಿಡಿದು ಕಲಿತದ್ದು ನಜರೇತಿನಲ್ಲಿ ಮಾತ್ರವಲ್ಲ ನೋಡಿ. ಇನ್ನು ಹಳೇಬೀಡಿನಲ್ಲಿ ಗೋಡೆಯ ತೀರ ಕೆಳಸಾಲಿನ ಆನೆಗಳನ್ನು ನೋಡಬೇಕಾದರೆ ನಾವು ಬಗ್ಗಬೇಕು. ಬಗ್ಗಿ ನೋಡುವವರು ಎಷ್ಟು ಮಂದಿ? ಕೆತ್ತಿದವನು ಮಾತ್ರ ಕೈ ಸಡಿಲಿಸಿಲ್ಲ.

ಆದರೆ ಪ್ರಿಯರೇ, ಈ ಅಳತೆಗೋಲು ಒಮ್ಮೆ ನಮ್ಮ ಕೈಯಲ್ಲೇ ಮುರಿಯಿತು. ಅದನ್ನು ಹೇಳದೆ ಹೋದರೆ ತಪ್ಪಾಗುತ್ತದೆ.

ಹಿಂದೊಮ್ಮೆ ಅಭ್ಯಾಸದ ಪಂದ್ಯದಲ್ಲಿ ಒಬ್ಬ ಹುಡುಗ ಚೆಂಡು ಕಳೆದುಕೊಂಡು ನಿಂತಲ್ಲೇ ನಿಂತುಬಿಟ್ಟ. ಎದುರಿನವರು ಗೋಲು ಹೊಡೆದರು. ಎಲ್ಲರ ಮುಂದೆಯೇ ನಾವು, "ಏನಪ್ಪಾ, ಆಟದಲ್ಲೇ ಇಷ್ಟು ಸೋಮಾರಿಯಾದರೆ ದುಡಿಮೆಯಲ್ಲಿ ಹೇಗೆ?" ಎಂದೆವು. ಅವನು ತಲೆ ತಗ್ಗಿಸಿ, "ಸರಿ ಫಾದರ್" ಎಂದನಷ್ಟೆ. ವಾದಿಸಲಿಲ್ಲ. ಮುಂದಿನ ಭಾನುವಾರ ಪೂಜೆಯ ನಂತರ ಅವನ ತಾಯಿ ಬಂದರು. ಜಗಳಕ್ಕಲ್ಲ. "ಫಾದರ್, ಅವನು ಅರಸೀಕೆರೆಯಲ್ಲಿ ರಾತ್ರಿಯೆಲ್ಲ ಲಾರಿಗೆ ತೆಂಗಿನಕಾಯಿ ತುಂಬಿಸಿ ಬೆಳಿಗ್ಗೆ ಮನೆಗೆ ಬಂದವನು, ಮಲಗು ಅಂದರೂ ಕೇಳದೆ ಆಡೋಕೆ ಬಂದ" ಎಂದರು. ನಮಗೆ ಮಾತು ಹೊರಡಲಿಲ್ಲ. ಮೈದಾನದಲ್ಲಿ ನಿಂತುಬಿಟ್ಟ ಆ ಕಾಲುಗಳು ಅದಾಗಲೇ ಇಡೀ ರಾತ್ರಿ ಮೂಟೆ ಹೊತ್ತಿದ್ದವು. ನಾವು ಕಂಡದ್ದು ಒಂದು ಗಂಟೆಯ ಆಟವನ್ನು, ತೀರ್ಪು ಕೊಟ್ಟದ್ದು ಅವನ ಬದುಕಿಗೆ. ನಜರೇತಿನವರು ಮಾಡಿದ್ದೂ ಇದನ್ನೇ ಅಲ್ಲವೇ?

ಮರುದಿನ ಅವನ ಮನೆಗೆ ಹೋಗಿ ಕ್ಷಮೆ ಕೇಳಿದೆವು. ಅವನಿಗೆ ನಾಚಿಕೆಯಾಗಿ ಕುರ್ಚಿ ತರಲು ಒಳಗೆ ಓಡಿದ. ತಾಯಿ ಕಾಫಿ ಕೊಟ್ಟರು. ಅಪ್ಪ ತೀರಿಕೊಂಡ ಮೇಲೆ ತಂಗಿಯ ಕಾಲೇಜು ಫೀಸು ಕಟ್ಟುತ್ತಿರುವುದು ಅವನೇ ಎಂಬುದು ಆಗ ತಿಳಿಯಿತು. ಇಷ್ಟು ವರ್ಷ ಒಂದೇ ಧರ್ಮಕೇಂದ್ರದಲ್ಲಿದ್ದೂ ನಾವು ಕೇಳಿರಲಿಲ್ಲ.

ನಿಮ್ಮ ನಡುವೆಯೂ ಅಂಥವರಿದ್ದಾರೆ. ತೋಟದಲ್ಲಿ, ಗ್ಯಾರೇಜಿನಲ್ಲಿ, ಆಸ್ಪತ್ರೆಯ ರಾತ್ರಿ ಪಾಳಿಯಲ್ಲಿ ದುಡಿದು ಬಂದು ಪೂಜೆಯಲ್ಲಿ ತೂಕಡಿಸುವವರು. ಪಕ್ಕದಲ್ಲಿ ಕುಳಿತವರು ಇಂದು ಅವರನ್ನು ಮೊಣಕೈಯಿಂದ ತಿವಿಯಬೇಡಿ. ಜೋಸೆಫರಿಗೂ ನಿದ್ದೆಯಲ್ಲೇ ದೇವದೂತನ ಮಾತು ಕೇಳಿಸಿತು.

ಇಂದಿನ ಪಂದ್ಯ ನಾಲ್ಕು ಗಂಟೆಗೆಂದು ಚೀಟಿಯಲ್ಲಿ ಅಚ್ಚಾಗಿದೆ. ಅದನ್ನು ಐದೂವರೆಗೆ ಹಾಕಿದ್ದೇವೆ. ಆ ಹುಡುಗ ನಿನ್ನೆ ರಾತ್ರಿಯೂ ಲೋಡಿಂಗ್‌ಗೆ ಹೋಗಿದ್ದಾನೆ, ಮಧ್ಯಾಹ್ನ ಸ್ವಲ್ಪ ಮಲಗಿ ಎದ್ದು ಬರಲಿ.