ಮುಂದಾಳು ಹೊರಗೆ ಹೋದಾಗ

(ರಾತ್ರಿಶಾಲೆಯ ವಿದ್ಯಾರ್ಥಿ ಕೂಟದಲ್ಲಿ ಆಡಿದ ಮಾತು)



ಮುಂದಾಳುತನದ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಕೂಟದವರ ಅಪ್ಪಣೆಯಾಗಿದೆ. ದೊಡ್ಡ ದೊಡ್ಡ ನಾಯಕರನ್ನು ಇಂದು ಬದಿಗಿಡೋಣ. ಹತ್ತು ವರುಷದ ಮಕ್ಕಳ ಸಂಗತಿಯೇ ನಮಗೆ ಸಾಕು.

1933ರಲ್ಲಿ ಹಿಟ್ಲರನ ಕೈಗೆ ಅಧಿಕಾರ ಹೋದಾಗ ಕುರ್ಟ್ ಲೆವಿನ್ ಎಂಬ ಯೆಹೂದಿ ಮನಶ್ಶಾಸ್ತ್ರಜ್ಞರು ಜರ್ಮನಿಯನ್ನು ಬಿಟ್ಟು ಅಮೆರಿಕ ಸೇರಿದರು. ಅಲ್ಲಿನ ಅಯೋವ ವಿಶ್ವವಿದ್ಯಾಲಯದಲ್ಲಿ ರೊನಾಲ್ಡ್ ಲಿಪಿಟ್, ರಾಲ್ಫ್ ವೈಟ್ ಎಂಬವರೊಡನೆ ನಡೆಸಿದ ಪರೀಕ್ಷೆಯೊಂದನ್ನು 1939ರಲ್ಲಿ ಪ್ರಕಟಿಸಿದರು. ಐದೈದು ಮಕ್ಕಳ ಸಂಘಗಳು. ಕೆಲಸವೆಂದರೆ ನಾಟಕದ ಮುಖವಾಡ ಮಾಡುವುದು ಮುಂತಾದ್ದು. ಒಬ್ಬ ಮುಂದಾಳು ಎಲ್ಲಕ್ಕೂ ತಾನೇ ಅಪ್ಪಣೆ ಕೊಡುವವನು. ಇನ್ನೊಬ್ಬ ಮಕ್ಕಳೊಡನೆ ಕುಳಿತು, ಕೇಳಿ, ತೀರ್ಮಾನಿಸುವವನು. ಮೂರನೆಯವನು ‘ನಿಮಗೆ ತೋಚಿದಂತೆ ಮಾಡಿ’ ಎಂದು ಸುಮ್ಮನಿರುವವನು.

ಅಪ್ಪಣೆಯವನಿಗೆ ತಗ್ಗಿ ನಡೆದ ಮಕ್ಕಳು, ಅವನು ಎದುರಿಗಿದ್ದಾಗ ನೂರಕ್ಕೆ 74 ಪಾಲು ಹೊತ್ತು ಕೆಲಸದಲ್ಲೇ ಮುಳುಗಿದ್ದರು. ಅವನು ಕೋಣೆಯಿಂದ ಹೊರಗೆ ಹೋದೊಡನೆ ಅದು 29ಕ್ಕೆ ಇಳಿಯಿತು. ಕೇಳಿ ನಡೆಯುವವನ ಸಂಘದಲ್ಲಿ ಅವನಿದ್ದಾಗ 50, ಇಲ್ಲದಾಗ 46. ಸುಮ್ಮನಿರುವವನು ಇದ್ದಾಗ 33, ಹೊರಗೆ ಹೋದರೆ 49! ಅಂಥ ಮುಂದಾಳು ಹೊರಗೆ ಚಹಾ ಕುಡಿಯುತ್ತಿದ್ದರೇ ಲೇಸು.

ಇನ್ನೊಂದು ಸಂಗತಿ ನಮ್ಮನ್ನು ಹೆಚ್ಚು ಕಾಡುತ್ತದೆ. ಅಪ್ಪಣೆಯ ಕೆಳಗಿದ್ದ ಮಕ್ಕಳ ಸಿಟ್ಟು ಬಹುಮಟ್ಟಿಗೆ ಮುಂದಾಳಿನ ಕಡೆ ತಿರುಗಲಿಲ್ಲ. ತಮ್ಮಲ್ಲೇ ಒಬ್ಬನನ್ನು ಹಿಡಿದು ಗೋಳುಹೊಯ್ದುಕೊಂಡರು. ಈ ಕಾಟಕ್ಕೆ ಗುರಿಯಾದ ಇಬ್ಬರು ಸಂಘವನ್ನೇ ಬಿಟ್ಟರು.

ಗಿರಣಿ ಕಂಡ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆಲಸ ಕೊಡುವ, ಕಳೆಯುವ ಅಧಿಕಾರ ಜಾಬರನ ಕೈಯಲ್ಲಿದ್ದ ಕಾಲದಲ್ಲಿ, ಅವನೊಡನೆ ಆಡಲಾಗದ ಜಗಳವನ್ನು ಪಕ್ಕದ ಮಗ್ಗದವನೊಡನೆ ಆಡುತ್ತಿದ್ದರು. ಹೋಟೆಲಿನಲ್ಲಿಯೂ ಅಷ್ಟೆ. ಗಲ್ಲೆಯಿಂದ ಹೊರಟ ಬೈಗಳು ಅಡಿಗೆಮನೆ ದಾಟಿ, ಕೊನೆಗೆ ಕಪ್ಪುಬಸಿ ತೊಳೆಯುವ ಹುಡುಗನ ತಲೆಯ ಮೇಲೆ ಬೀಳುತ್ತವೆ.

ಈಗ ನಮ್ಮ ಹುಡುಗರ ಗೋಡೆಪತ್ರಿಕೆಯ ಮಾತು. ಐದು ಮಂದಿ ಕೂಡಿ ಮಾಡಲೆಂದು ಮೇಷ್ಟರು ಕೊಟ್ಟ ಕೆಲಸ. ಅಕ್ಷರ ದುಂಡಗಿರುವವನು ಎಲ್ಲವನ್ನೂ ತಾನೇ ಬರೆದ. ‘ಉಳಿದವರು ಬರಲೇ ಇಲ್ಲ’ ಎನ್ನುತ್ತಾನೆ. ಉಳಿದವರು, ‘ನಮ್ಮ ಕೈಗೆ ಲೇಖನಿ ಕೊಡಲೇ ಇಲ್ಲ’ ಎನ್ನುತ್ತಾರೆ. ಎರಡೂ ನಿಜ. ಕೂಡುವ ಹೊತ್ತನ್ನು ಇಟ್ಟದ್ದು ಭಾನುವಾರ ಮಧ್ಯಾಹ್ನ. ಅವರಲ್ಲಿ ಇಬ್ಬರು ಊಟದ ಹೋಟೆಲಿನವರು. ಭಾನುವಾರವೇ ಅಲ್ಲಿ ಗಿರಾಕಿ ಹೆಚ್ಚು. ಇದನ್ನು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಸೋಮಾರಿಗಳೆಂಬ ಹೆಸರು ಮಾತ್ರ ಬಂತು.

ಜಗಳವಾದದ್ದಕ್ಕೆ ನಮಗೆ ಬೇಸರವಿಲ್ಲ. ಬಾಯಿಬಿಟ್ಟು ಆಡಿದ್ದರಿಂದಲೇ ಭಾನುವಾರದ ಸಂಗತಿ ಹೊರಬಿತ್ತು. ಎರಡನೆಯ ಸಂಚಿಕೆಯನ್ನೂ ಆ ಐವರೇ ಮಾಡಲಿ, ಗುಂಪು ಒಡೆಯುವುದು ಬೇಡ. ಕೆಲಸ ಹಂಚುವ ಮೊದಲು ಒಬ್ಬೊಬ್ಬನ ಪಾಳಿಯನ್ನು ಬರೆದಿಟ್ಟುಕೊಳ್ಳಲಿ. ದುಂಡಕ್ಷರದವನೇ ಮುಂದಾಳಾಗಿರಲಿ, ನಮ್ಮ ತಕರಾರಿಲ್ಲ. ಆದರೆ ಒಂದು ಪುಟವನ್ನಾದರೂ ಅವನಿಲ್ಲದ ದಿನ ಉಳಿದವರು ಬರೆಯಲಿ. ಅಕ್ಷರ ಸೊಟ್ಟಗಾದರೆ ಆಗಲಿ, ಅದಕ್ಕೂ ಗೋಡೆಯಲ್ಲಿ ಜಾಗವಿದೆ. ಅಂಟನ್ನು ಸಂಘ ಕೊಡುತ್ತದೆ.