ಗಾಯ ಕಟ್ಟಿದ ಕೈಗಳು



‘ಶುಶ್ರೂಷೆ’ ಎಂಬ ಮಾತನ್ನು ನಾವು ರೋಗಿಯ ಆರೈಕೆ ಎಂಬ ಅರ್ಥದಲ್ಲಿ ಬಳಸುತ್ತೇವೆ. ಸಂಸ್ಕೃತದಲ್ಲಿ ಅದರ ಮೂಲಾರ್ಥ ‘ಕೇಳುವ ಇಚ್ಛೆ’. ಗುರುವಿನ ಮಾತಿಗೆ ಕಿವಿಗೊಡಲು ಬಯಸುವವನು ಗುರುವಿನ ಬಳಿಯಲ್ಲಿಯೇ ಇರಬೇಕು, ಅವನ ಬೇಕುಬೇಡಗಳನ್ನು ನೋಡಿಕೊಳ್ಳಬೇಕು. ಹೀಗೆ ಕೇಳುವಿಕೆ ಸೇವೆಯಾಯಿತು, ಸೇವೆ ಆರೈಕೆಯಾಯಿತು. ರೋಗಿಯ ಮಂಚದ ಪಕ್ಕದಲ್ಲಿ ನಿಂತು ಅವನ ನರಳಿಕೆಯನ್ನು ಕೇಳಿಸಿಕೊಳ್ಳುವುದೇ ಆರೈಕೆಯ ಮೊದಲ ಪಾಠವೆಂದು ಆ ಪದವೇ ನಮಗೆ ಹೇಳುತ್ತಿದೆ.

ಚರಕಸಂಹಿತೆಯಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ: ವೈದ್ಯ, ಔಷಧದ್ರವ್ಯ, ಪರಿಚಾರಕ, ರೋಗಿ. ಪರಿಚಾರಕನಿಗೆ ಉಪಚಾರದ ಅರಿವು, ದಕ್ಷತೆ, ರೋಗಿಯಲ್ಲಿ ಅಕ್ಕರೆ, ಶುಚಿತ್ವ ಎಂಬ ನಾಲ್ಕು ಗುಣಗಳಿರಬೇಕು. ಅಲ್ಲಿ ಆತ ಪುರುಷ. ನಮ್ಮ ಕನ್ನಡದಲ್ಲಿ ಬಹುಕಾಲ ಚಲಾವಣೆಯಲ್ಲಿದ್ದ ‘ದಾದಿ’ ಎಂಬ ಪದವಾದರೋ ಸ್ತ್ರೀಯರಿಗೆ ಮಾತ್ರ ಸಲ್ಲುವಂಥದು. ಆಸ್ಪತ್ರೆಗಳಲ್ಲಿ ‘ಸಿಸ್ಟರ್’ ಎಂಬುದಕ್ಕೆ ಜೋಡಿಯಾಗಿ ‘ಬ್ರದರ್’ ಎಂಬ ಕರೆ ಹುಟ್ಟಿಕೊಂಡಿತು. ಈಚಿನ ವರ್ಷಗಳಲ್ಲಿ ‘ಶುಶ್ರೂಷಾಧಿಕಾರಿ’ ಎಂಬ ಪದವೂ ಬಂದಿದೆ. ಹೆಸರು ದೊರೆತಿತು; ಆದರೆ ಆ ಹೆಸರಿನ ಬಾಗಿಲಲ್ಲಿ ಒಂದು ವರ್ಗದ ಜನ ಇಂದಿಗೂ ಹೊರಗೆ ನಿಂತಿದ್ದಾರೆ. ಈ ಹೊತ್ತು ನಾನು ಹೇಳಹೊರಟಿರುವುದು ಅವರ ವಿಷಯ.

ನಮ್ಮ ಸೈನ್ಯದ ವೈದ್ಯಕೀಯ ದಳದಲ್ಲಿ ‘ನರ್ಸಿಂಗ್ ಅಸಿಸ್ಟೆಂಟ್’ ಎಂಬ ಸಿಪಾಯಿಗಳಿದ್ದಾರೆ. ಈ ಕೆಲಸಕ್ಕೆ ಸೇರಲು ಹನ್ನೆರಡನೆಯ ತರಗತಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮತ್ತು ಇಂಗ್ಲಿಷ್ ಓದಿ ತೇರ್ಗಡೆಯಾಗಿರಬೇಕು. ದಳದ ಕೇಂದ್ರ ಲಖನೌದಲ್ಲಿದೆ. ತರಬೇತಿಯ ನಂತರ ಅವರು ಸೇನಾ ಆಸ್ಪತ್ರೆಗಳಲ್ಲಿ ದುಡಿಯುತ್ತಾ ಮೂರನೆಯ ದರ್ಜೆಯಿಂದ ಒಂದನೆಯ ದರ್ಜೆಗೆ ಏರುತ್ತಾರೆ. ಗಾಯಕ್ಕೆ ಪಟ್ಟಿ ಕಟ್ಟುವುದು, ರಕ್ತಸ್ರಾವ ನಿಲ್ಲಿಸುವುದು, ನರಕ್ಕೆ ಸೂಜಿ ಚುಚ್ಚುವುದು, ಹಿಮಗಡಿತದ ಬೆರಳುಗಳನ್ನು ಕಾಪಾಡುವುದು, ಮುರಿದ ಕಾಲನ್ನು ಅಲುಗದಂತೆ ಕಟ್ಟಿ ಸ್ಟ್ರೆಚರಿನಲ್ಲಿ ಬೆಟ್ಟ ಇಳಿಸುವುದು, ಇವೆಲ್ಲ ಅವರಿಗೆ ನಿತ್ಯದ ಅಭ್ಯಾಸ. 1950ರಲ್ಲಿ ಲೆಫ್ಟಿನೆಂಟ್ ಕರ್ನಲ್ ಎ. ಜಿ. ರಂಗರಾಜ್ ಅವರ ನಾಯಕತ್ವದಲ್ಲಿ ಕೊರಿಯಾ ಯುದ್ಧಭೂಮಿಗೆ ಹೋದ ಭಾರತದ 60ನೆಯ ಪ್ಯಾರಾಚೂಟ್ ಫೀಲ್ಡ್ ಆಂಬುಲೆನ್ಸ್ ಗಳಿಸಿದ ಕೀರ್ತಿ ವೈದ್ಯರದಷ್ಟೇ ಅಲ್ಲ, ಅವರ ಪಕ್ಕದಲ್ಲಿ ನಿಂತ ಇಂಥ ಸಿಪಾಯಿಗಳದೂ ಹೌದು.

ಆದರೆ ಸೈನ್ಯದೊಳಗೆ ಆತ ನರ್ಸ್ ಆಗಲಾರ. 1888ರಷ್ಟು ಹಿಂದೆ ಮೊದಲಾದ ಸೇನಾ ಶುಶ್ರೂಷಾ ಸೇವೆ ಸ್ತ್ರೀಯರದು. ನಮ್ಮ ಬೆಂಗಳೂರಿನ ವಾಯುಪಡೆಯ ಕಮಾಂಡ್ ಆಸ್ಪತ್ರೆಯಲ್ಲಿಯೂ ಶುಶ್ರೂಷಾ ಕಾಲೇಜು ಇದೆ. ಆ ಸೇವೆಗೆ ಸೇರಲಿರುವ ಹೆಣ್ಣುಮಕ್ಕಳು ಅಲ್ಲಿ ನಾಲ್ಕು ವರ್ಷ ಓದಿ ಪದವೀಧರರಾಗುತ್ತಾರೆ. ಅದೇ ಆಸ್ಪತ್ರೆಯ ಅದೇ ವಾರ್ಡಿನಲ್ಲಿ ದುಡಿಯುವ ಸಿಪಾಯಿಗೆ ಆ ತರಗತಿಯ ಬಾಗಿಲಿಲ್ಲ. ಹಾಗಾದರೆ ನಿವೃತ್ತನಾಗಿ ಊರಿಗೆ ಬಂದ ಮೇಲೆ ಓದಬಹುದಲ್ಲ, ಎಂದು ನೀವು ಕೇಳಬಹುದು.

ಚಾಮರಾಜಪೇಟೆಯಲ್ಲಿ ನಮ್ಮ ಬೀದಿಯಲ್ಲಿ ಹೀಗೆ ಊರಿಗೆ ಬಂದ ಹವಾಲ್ದಾರರೊಬ್ಬರಿದ್ದಾರೆ. ಪಾರ್ಶ್ವವಾಯು ಬಡಿದು ನನ್ನ ಅಕ್ಕ ಹಾಸಿಗೆ ಹಿಡಿದಿದ್ದ ದಿನಗಳಲ್ಲಿ ಅವರು ಸಂಜೆ ಮನೆಗೆ ಬಂದು, ಆಕೆಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ಬಗೆಯನ್ನು ನಮಗೆ ಕಲಿಸಿಕೊಟ್ಟರು. ಬೆನ್ನಿನ ಹುಣ್ಣು ಮಾಯುವವರೆಗೂ ಅವರೇ ಪಟ್ಟಿ ಬದಲಿಸಿದರು. ಚರಕ ಹೇಳಿದ ನಾಲ್ಕು ಗುಣಗಳನ್ನು ನಾನು ಪುಸ್ತಕದ ಹೊರಗೆ ಕಂಡದ್ದು ಅವರ ಕೈಗಳಲ್ಲಿ. ಅವರಿಗೆ ಖಾಸಗಿ ನರ್ಸಿಂಗ್ ಹೋಮೊಂದರಲ್ಲಿ ರಾತ್ರಿ ಪಾಳಿಯ ಕೆಲಸ. ಹುದ್ದೆಯ ಹೆಸರು ಅಟೆಂಡರ್. “ಮೇಷ್ಟ್ರೇ, ನನಗೆ ಕೆಲಸ ಗೊತ್ತಿದೆ. ಗೊತ್ತಿದೆ ಅಂತ ಹೇಳೋ ಕಾಗದ ಮಾತ್ರ ಇಲ್ಲ,” ಎಂದು ಒಮ್ಮೆ ಹೇಳಿದರು. ಸೈನ್ಯವನ್ನು ಬಿಟ್ಟಾಗ ಅವರಿಗೆ ಮೂವತ್ತೇಳು ವರ್ಷ. ನರ್ಸಿಂಗ್ ಡಿಪ್ಲೊಮಾ ಓದುವ ಆಸೆಯಿತ್ತು. ಆದರೆ ಮೂರು ವರ್ಷಗಳ ಆ ಶಿಕ್ಷಣಕ್ಕೆ ಭಾರತೀಯ ಶುಶ್ರೂಷಾ ಪರಿಷತ್ತು ಗೊತ್ತುಮಾಡಿದ ವಯೋಮಿತಿ ಮೂವತ್ತೈದು.

ಇಲ್ಲಿಯ ಲೆಕ್ಕವನ್ನು ಸ್ವಲ್ಪ ಗಮನಿಸಬೇಕು. ಸಿಪಾಯಿಗೆ ನಿವೃತ್ತಿವೇತನ ದೊರೆಯಬೇಕಾದರೆ ಕನಿಷ್ಠ ಹದಿನೈದು ವರ್ಷ ಸೇವೆ ಸಲ್ಲಿಸಬೇಕು. ಇಪ್ಪತ್ತರ ವಯಸ್ಸಿನಲ್ಲಿ ಸೇರಿದವನು ಹೊರಗೆ ಬರುವ ಹೊತ್ತಿಗೆ ಮೂವತ್ತೈದು ತುಂಬಿರುತ್ತದೆ. ಒಂದು ಕಾನೂನು ಅವನನ್ನು ಹಿಡಿದಿಟ್ಟುಕೊಂಡಿರುವಾಗಲೇ ಇನ್ನೊಂದು ಕಾನೂನು ಬಾಗಿಲನ್ನು ಮುಚ್ಚುತ್ತದೆ. ಈ ಎರಡು ನಿಯಮಗಳನ್ನು ಬರೆದವರು ಪರಸ್ಪರ ಕಂಡಿರಲಾರರು. ಸೋಜಿಗವೆಂದರೆ, ಹಳ್ಳಿಗಳಲ್ಲಿ ದುಡಿಯುವ ಎ.ಎನ್.ಎಂ. ಸಹೋದರಿಯರು ಅದೇ ಡಿಪ್ಲೊಮಾ ಓದಲು ಬಯಸಿದರೆ ಅವರಿಗೆ ಈ ವಯೋಮಿತಿ ಅಡ್ಡಬರದು. ಅದು ತಕ್ಕದ್ದೇ. ಅನುಭವಕ್ಕೆ ವಯಸ್ಸಿನ ಕಟ್ಟಳೆ ಬೇಡವೆಂಬ ತತ್ತ್ವವನ್ನು ನಮ್ಮ ನಿಯಮಗಳು ಆಗಲೇ ಒಪ್ಪಿವೆ. ಆ ಒಪ್ಪಿಗೆ ಮಾಜಿ ಸೈನಿಕನವರೆಗೆ ಬಂದಿಲ್ಲ, ಅಷ್ಟೆ.

ಇನ್ನೊಂದು ಸಂಗತಿ. ಮೆಟ್ರಿಕ್ ಓದಿ ಹದಿನೈದು ವರ್ಷ ಸೈನ್ಯದಲ್ಲಿ ದುಡಿದವನನ್ನು ಕೆಲವು ಸರ್ಕಾರಿ ಹುದ್ದೆಗಳಿಗೆ ಪದವೀಧರನಿಗೆ ಸಮನೆಂದು ಪರಿಗಣಿಸುವ ಕೇಂದ್ರ ಸರ್ಕಾರದ ನಿಯಮ 1986ರಿಂದ ಇದೆ. ಆದರೆ ತಾಂತ್ರಿಕ ಅಥವಾ ವೃತ್ತಿಪರ ಅನುಭವ ಬೇಕಾದ ಹುದ್ದೆಗಳಿಗೆ ಅದು ಅನ್ವಯಿಸದು. ಆದ್ದರಿಂದ ನಮ್ಮ ಹವಾಲ್ದಾರರು ಬ್ಯಾಂಕಿನಲ್ಲಿಯೋ ಕಚೇರಿಯಲ್ಲಿಯೋ ತಾವು ಕಲಿಯದ ಕೆಲಸಕ್ಕೆ ಅರ್ಹರಾದಾರು. ಕಲಿತ ಕೆಲಸಕ್ಕೆ ಅಲ್ಲ. ಇದಕ್ಕೆ ವ್ಯತಿರಿಕ್ತವಾಗಿ, ನಮ್ಮ ಕೈಗಾ ಸ್ಥಾವರವನ್ನು ನಡೆಸುವ ಅಣುವಿದ್ಯುತ್ ನಿಗಮವು ನರ್ಸ್ ಹುದ್ದೆಗೆ ಅರ್ಜಿ ಕರೆದಾಗ ಡಿಪ್ಲೊಮಾ, ಪದವಿಗಳ ಜೊತೆಗೆ ಸಶಸ್ತ್ರಪಡೆಗಳ ಮೂರನೆಯ ಅಥವಾ ಅದಕ್ಕೆ ಮೇಲಿನ ದರ್ಜೆಯ ನರ್ಸಿಂಗ್ ಅಸಿಸ್ಟೆಂಟರನ್ನೂ ಅರ್ಹರೆಂದು ಕಾಣಿಸಿದ್ದುಂಟು. ಒಂದು ಸಂಸ್ಥೆಗೆ ಕಂಡದ್ದು ಉಳಿದವುಗಳಿಗೂ ಕಾಣಬಾರದೇಕೆ?

ಎದುರು ಪಕ್ಷದ ವಾದವನ್ನೂ ನ್ಯಾಯವಾಗಿ ಹೇಳಬೇಕು. ಶುಶ್ರೂಷೆಯನ್ನು ಆಳಿನ ಕೆಲಸವೆಂದು ಕಾಣುತ್ತಿದ್ದ ಸಮಾಜದಲ್ಲಿ ಅದನ್ನೊಂದು ವಿದ್ಯೆಯಾಗಿ ನಿಲ್ಲಿಸಲು ನಮ್ಮ ಹೆಣ್ಣುಮಕ್ಕಳು ಬಹಳ ಪಾಡುಪಟ್ಟಿದ್ದಾರೆ. ನಾಲ್ಕು ವರ್ಷ ಓದಿ, ಪರೀಕ್ಷೆ ಬರೆದು, ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಂಡವರ ಪಕ್ಕದಲ್ಲಿ ಅಡ್ಡದಾರಿಯಿಂದ ಬಂದವರನ್ನು ಕೂರಿಸಿದರೆ ಆ ವಿದ್ಯೆಯ ಬೆಲೆ ಕುಗ್ಗುತ್ತದೆ. ಮೇಲಾಗಿ ನೋಂದಾಯಿತ ನರ್ಸ್ ಎಂದರೆ ಹೆರಿಗೆಯ ವಿದ್ಯೆಯನ್ನೂ ಬಲ್ಲವರು. ಯುವ ಸೈನಿಕರ ನಡುವೆ ದುಡಿದ ಸಿಪಾಯಿ ಬಸುರಿಯ ರಕ್ತದೊತ್ತಡವನ್ನೂ ಹಸುಗೂಸಿನ ಉಸಿರಾಟವನ್ನೂ ಎಷ್ಟು ಬಲ್ಲ? ರೋಗಿಯ ಪ್ರಾಣದ ಮುಂದೆ ಯಾರ ಅಭಿಮಾನವೂ ದೊಡ್ಡದಲ್ಲ. ಈ ಮಾತನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಒಪ್ಪಿದ ಮೇಲೂ ಅದರಿಂದ ಹೊರಡುವ ತೀರ್ಮಾನ ‘ಬಾಗಿಲು ಮುಚ್ಚಿರಲಿ’ ಎಂಬುದಲ್ಲ. ‘ಕೊರತೆಯಿರುವುದನ್ನು ಕಲಿಸಿ, ಪರೀಕ್ಷಿಸಿ, ಒಳಗೆ ಬಿಡಿ’ ಎಂಬುದು.

ಈ ಮೆಟ್ಟಿಲು ನಮಗೆ ಹೊಸದೂ ಅಲ್ಲ. ಡಿಪ್ಲೊಮಾ ಪಡೆದ ನರ್ಸ್ ಮತ್ತೆ ನಾಲ್ಕು ವರ್ಷ ಓದಬೇಕಾಗಿಲ್ಲ; ಎರಡು ವರ್ಷದ ಪೋಸ್ಟ್ ಬೇಸಿಕ್ ಶಿಕ್ಷಣದಿಂದ ಪದವೀಧರರಾಗಬಹುದು. ಹಿಂದೆ ಕಲಿತದ್ದನ್ನು ಲೆಕ್ಕಕ್ಕೆ ಹಿಡಿಯುವ ಈ ನ್ಯಾಯವನ್ನು ಒಂದು ಮೆಟ್ಟಿಲು ಕೆಳಗೂ ಚಾಚಿದರೆ ಸಾಕು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ 1965ರಲ್ಲಿ ಡಾಕ್ಟರ್ ಯೂಜೀನ್ ಸ್ಟೆಡ್ ಎಂಬವರು ನೌಕಾಪಡೆಯ ವೈದ್ಯಕೀಯ ವಿಭಾಗದಿಂದ ಬಂದ ನಾಲ್ವರನ್ನು ಸೇರಿಸಿಕೊಂಡು ‘ವೈದ್ಯ ಸಹಾಯಕ’ ಎಂಬ ಹೊಸ ವೃತ್ತಿಯನ್ನೇ ಕಟ್ಟಿದರು. 1967ರಲ್ಲಿ ಅವರಲ್ಲಿ ಮೂವರು ತೇರ್ಗಡೆಯಾದರು. 2013ರಲ್ಲಿ ಆ ದೇಶದ ಸರ್ಕಾರ ಮಾಜಿ ಸೈನಿಕರಿಗೆ ನರ್ಸಿಂಗ್ ಪದವಿ ಕೊಡಿಸುವ ಕಾಲೇಜುಗಳಿಗೆ ಧನಸಹಾಯವನ್ನೂ ಆರಂಭಿಸಿತು. ಸೈನ್ಯದಲ್ಲಿ ಕಲಿತದ್ದನ್ನು ಪರೀಕ್ಷಿಸಿ ಗಣನೆಗೆ ತೆಗೆದುಕೊಳ್ಳುವುದು, ಉಳಿದುದನ್ನು ಕಲಿಸುವುದು, ಇದು ಅಲ್ಲಿಯ ಕ್ರಮ. ರಿಯಾಯಿತಿ ಎಂಬ ಮಾತು ಇಲ್ಲಿಗೆ ಸಲ್ಲದು.

ನಮ್ಮ ಊರಿನಲ್ಲಿ ಇದಕ್ಕೆ ಬೇಕಾದದ್ದೆಲ್ಲ ಕಾಲ್ನಡಿಗೆಯ ದೂರದಲ್ಲಿದೆ. ಚಾಮರಾಜಪೇಟೆಯಿಂದ ಕೋಟೆಯ ಕಡೆಗೆ ನಡೆದರೆ 1900ರಲ್ಲಿ ತೆರೆದ ವಿಕ್ಟೋರಿಯಾ ಆಸ್ಪತ್ರೆ. ಅದರ ಮಗ್ಗುಲಲ್ಲೇ 1935ರ ವಾಣಿವಿಲಾಸ ಆಸ್ಪತ್ರೆ, ತಾಯಂದಿರದು, ಮಕ್ಕಳದು. ಸೈನ್ಯ ಕಲಿಸದೆ ಬಿಟ್ಟದ್ದನ್ನು ವಾಣಿವಿಲಾಸ ಕಲಿಸಬಲ್ಲದು. ಮಲ್ಲೇಶ್ವರದ ಕೆ. ಸಿ. ಜನರಲ್ ಆಸ್ಪತ್ರೆಯಿದೆ; ಮನೋರೋಗಿಗಳ ಆರೈಕೆ ಕಲಿಯಲು ನಿಮ್ಹಾನ್ಸ್ ಇದೆ; ಪರೀಕ್ಷೆ ನಡೆಸಿ ಪದವಿ ಕೊಡಲು 1996ರಲ್ಲಿ ಸ್ಥಾಪಿತವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ಕೊರತೆಯಿರುವುದು ಕಟ್ಟಡಗಳದಲ್ಲ, ಒಂದು ನಿಯಮದ್ದು.

ನಿಯಮ ಬರೆಯಲು ಇದು ತಕ್ಕ ಕಾಲ. 1947ರ ಶುಶ್ರೂಷಾ ಪರಿಷತ್ ಕಾಯಿದೆಯ ಸ್ಥಾನಕ್ಕೆ ರಾಷ್ಟ್ರೀಯ ಶುಶ್ರೂಷೆ ಮತ್ತು ಪ್ರಸೂತಿ ಆಯೋಗದ ಕಾಯಿದೆಯನ್ನು ಸಂಸತ್ತು 2023ರಲ್ಲಿ ಅಂಗೀಕರಿಸಿದೆ. ಹೊಸ ಮನೆಗೆ ಬಾಗಿಲು ಎಲ್ಲಿರಬೇಕೆಂಬುದನ್ನು ಗೋಡೆ ಎದ್ದ ಮೇಲೆ ಹೇಳಿದರೆ ಫಲವಿಲ್ಲ. ಸೇನಾ ವೈದ್ಯಕೀಯ ದಳದಲ್ಲಿ ದುಡಿದವರಿಗೆ ವಯೋಮಿತಿಯ ಸಡಿಲಿಕೆ, ಪ್ರವೇಶದಲ್ಲಿ ಒಂದು ಅರ್ಹತಾ ಪರೀಕ್ಷೆ, ಹೆರಿಗೆ, ಮಕ್ಕಳ ಆರೈಕೆ ಮತ್ತು ಸಮುದಾಯ ಆರೋಗ್ಯಗಳಲ್ಲಿ ಪೂರ್ಣ ತರಬೇತಿ, ಕೊನೆಯಲ್ಲಿ ಎಲ್ಲರಿಗೂ ಇರುವ ಅದೇ ಪರೀಕ್ಷೆ: ಇಷ್ಟನ್ನು ಕೇಳಬಹುದು. ಉತ್ತೀರ್ಣನಾಗದವನು ಹೊರಗೇ ಉಳಿಯಲಿ. ಉತ್ತೀರ್ಣನಾದವನು ರೋಗಿಯ ಪಟ್ಟಿಯ ಮೇಲೆ ತನ್ನ ಹೆಸರಿನ ರುಜು ಹಾಕಲಿ.

ಶುಶ್ರೂಷೆಗೆ ‘ಕೇಳುವ ಇಚ್ಛೆ’ ಎಂಬ ಅರ್ಥವಿದೆಯೆಂದು ಮೊದಲಲ್ಲಿ ಹೇಳಿದೆ. ರೋಗಿಯ ದನಿಯನ್ನು ರಾತ್ರಿಯೆಲ್ಲ ಎಚ್ಚರವಿದ್ದು ಕೇಳಿಸಿಕೊಂಡವರ ಮಾತನ್ನು ಕೇಳಿಸಿಕೊಳ್ಳುವ ಇಚ್ಛೆ ಈಗ ನಮಗಿರಬೇಕು.