ಕಾಡುಕೋಳಿಯ ಕತ್ತಿನ ಗರಿ, ಗಾಳದ ತುದಿಯ ನೊಣ
(ಉಪನ್ಯಾಸದ ಲಿಖಿತ ರೂಪ)



ಮಲೆನಾಡಿನ ಮುಂಜಾವಿನಲ್ಲಿ ಕೂಗುವ ಕಾಡುಕೋಳಿಗೂ ಸ್ಕಾಟ್ಲೆಂಡಿನ ನದಿಗಳಲ್ಲಿ ಸಾಲ್ಮನ್ ಮೀನು ಹಿಡಿಯುವವರಿಗೂ ಇರುವ ನಂಟು ಮೇಲ್ನೋಟಕ್ಕೆ ಕಾಣುವಂಥದ್ದಲ್ಲ. ಆದರೆ ಒಂದು ಶತಮಾನಕ್ಕೂ ಮಿಕ್ಕಿ ಈ ಹಕ್ಕಿಯ ಕತ್ತಿನ ಗರಿ ಅಲ್ಲಿನ ಗಾಳಗಳನ್ನು ಅಲಂಕರಿಸಿದೆ. ಈ ನಂಟನ್ನು ಅರಿಯಲು ಮೊದಲು ಆ ಕಸುಬನ್ನು ಅರಿಯಬೇಕು.

ಫ್ಲೈ ಫಿಶಿಂಗ್ ಎಂಬ ಕ್ರಮದಲ್ಲಿ ಗಾಳಕ್ಕೆ ಎರೆಹುಳು ಚುಚ್ಚುವುದಿಲ್ಲ. ಗರಿ, ತುಪ್ಪಳ, ದಾರಗಳಿಂದ ಕಟ್ಟಿದ ಕೃತಕ ನೊಣವೇ ಅಲ್ಲಿ ಆಮಿಷ. ಅನೇಕರು ಅದನ್ನು ಕೊಳ್ಳದೆ ಸ್ವತಃ ಕಟ್ಟಿಕೊಳ್ಳುತ್ತಾರೆ. ಕೊಕ್ಕೆಯನ್ನು ಪುಟ್ಟ ಇಕ್ಕಳದಲ್ಲಿ ಬಿಗಿದು, ಮೇಣ ಸವರಿದ ದಾರವನ್ನು ಅದಕ್ಕೆ ಒತ್ತಾಗಿ ಸುತ್ತುತ್ತಾರೆ. ಗರಿಯ ಕೆಲವು ಎಳೆಗಳು ಬಾಲವಾಗುತ್ತವೆ. ಮೊಲದ ತುಪ್ಪಳವನ್ನು ದಾರಕ್ಕೆ ಹೊಸೆದು ಸುತ್ತಿದರೆ ಒಡಲು ಸಿದ್ಧ. ಕೊರಳ ಬಳಿ ಹುಂಜದ ಗರಿಯೊಂದನ್ನು ಸುತ್ತಿದಾಗ ಅದರ ಎಳೆಗಳು ಚಕ್ರದ ಅರೆಗಳಂತೆ ಬಿಚ್ಚಿಕೊಂಡು ನೊಣವನ್ನು ನೀರಿನ ಮೇಲೆ ತೇಲಿಸುತ್ತವೆ. ಕೊನೆಗೆ ತಲೆಯ ಬಳಿ ಗಂಟು, ಅದರ ಮೇಲೆ ಒಂದು ಹನಿ ವಾರ್ನಿಷ್.

ಟ್ರೌಟ್ ಮೀನಿಗಾಗಿ ಕಟ್ಟುವ ಇಂತಹ ನೊಣ ಬಹುಮಟ್ಟಿಗೆ ಹೊಳೆಯ ಕೀಟದ ಪ್ರತಿರೂಪ. ಯಾವ ಋತುವಿನಲ್ಲಿ ಯಾವ ಕೀಟ ನೀರಿನಿಂದ ಮೇಲೇಳುತ್ತದೆ, ಅದರ ಗಾತ್ರವೆಷ್ಟು, ಬಣ್ಣ ಯಾವುದು ಎಂಬುದನ್ನು ಕಟ್ಟುವವನು ಬಲ್ಲವನಾಗಿರಬೇಕು. ಮೇಫ್ಲೈ ಎಂಬ ಕೀಟದ ಮರಿಗಳು ತಿಂಗಳುಗಟ್ಟಲೆ ನೀರೊಳಗಿನ ಕಲ್ಲುಗಳ ಅಡಿಯಲ್ಲಿ ಬೆಳೆದು, ರೆಕ್ಕೆ ಬಂದ ಮೇಲೆ ಕೆಲವು ಗಂಟೆಗಳಿಂದ ಕೆಲವು ದಿನ ಮಾತ್ರ ಬದುಕುತ್ತವೆ. ಅವುಗಳಲ್ಲಿ ಬಹುತೇಕ ಜಾತಿಗಳಿಗೆ ಆಮ್ಲಜನಕ ಸಮೃದ್ಧವಾದ ಶುದ್ಧ ನೀರು ಬೇಕು. ಮಲೆನಾಡಿನ ಹಳ್ಳಗಳಲ್ಲಿಯೂ ಇವುಗಳ ಬಂಧುಗಳಿವೆ. ಕಲ್ಲು ಮಗುಚಿ ಇವುಗಳನ್ನು ಗುರುತಿಸಬಲ್ಲವನು ನೀರಿನ ಆರೋಗ್ಯವನ್ನೂ ಅರಿಯಬಲ್ಲ. ಈ ಮಟ್ಟಿಗೆ ನೊಣ ಕಟ್ಟುವ ಕಲೆ ಪ್ರಕೃತಿಯ ಪಾಠಶಾಲೆಯೇ ಸರಿ.

ಸಾಲ್ಮನ್ ನೊಣದ ಕಥೆ ಬೇರೆ. ಸಮುದ್ರದಿಂದ ಮೊಟ್ಟೆಯಿಡಲು ನದಿಗೆ ಮರಳುವ ಅಟ್ಲಾಂಟಿಕ್ ಸಾಲ್ಮನ್ ಸಾಮಾನ್ಯವಾಗಿ ಆಹಾರ ಸೇವಿಸುವುದೇ ಇಲ್ಲ. ಆದ್ದರಿಂದ ಅದರ ನೊಣ ಯಾವ ಕೀಟವನ್ನೂ ಹೋಲಬೇಕಾಗಿಲ್ಲ. ಈ ತೆರವಿನಲ್ಲಿ 19ನೆಯ ಶತಮಾನದ ಬ್ರಿಟನ್ನಿನ ಸಿರಿವಂತರ ಕಲ್ಪನೆ ಗರಿಗೆದರಿತು. ಸಾಮ್ರಾಜ್ಯದ ಹಡಗುಗಳು ತಂದ ಗರಿಗಳೆಲ್ಲ ಅದಕ್ಕೆ ಒದಗಿದವು. 'ಜಾಕ್ ಸ್ಕಾಟ್' ಎಂಬ ಪ್ರಸಿದ್ಧ ನೊಣವೊಂದಕ್ಕೇ ಟೂಕನ್, ಮಕಾವ್, ಉಷ್ಟ್ರಪಕ್ಷಿ, ಚಿನ್ನದ ಫೆಸೆಂಟ್ ಸೇರಿದಂತೆ ಹತ್ತಕ್ಕೂ ಹೆಚ್ಚು ಹಕ್ಕಿಗಳ ಗರಿ ಬೇಕಾಗಿತ್ತು. ಜಾರ್ಜ್ ಕೆಲ್ಸನ್ 1895ರಲ್ಲಿ ಪ್ರಕಟಿಸಿದ 'ದಿ ಸಾಲ್ಮನ್ ಫ್ಲೈ' ಗ್ರಂಥ ಇಂತಹ ಕಟ್ಟುಗಳ ವಿಧಿಗ್ರಂಥವೇ ಆಯಿತು. ಅವುಗಳಲ್ಲಿ ಮತ್ತೆ ಮತ್ತೆ ಬರುವ ಹೆಸರು 'ಜಂಗಲ್ ಕಾಕ್', ಅಂದರೆ ಭಾರತದ ಬೂದು ಕಾಡುಕೋಳಿಯ ಹುಂಜ. ಅದರ ಕತ್ತಿನ ಗರಿಗಳ ತುದಿಯಲ್ಲಿ ಮೇಣದ ಹನಿಯಂತೆ ಹೊಳೆಯುವ ಚುಕ್ಕೆಗಳಿವೆ. ನೊಣದ ಕೆನ್ನೆಗೆ ಕಟ್ಟಿದರೆ ಅವು ಮರಿಮೀನಿನ ಕಣ್ಣಿನಂತೆ ತೋರುತ್ತವೆ.

ಈ ಹಕ್ಕಿ ಭಾರತದ ಪರ್ಯಾಯ ದ್ವೀಪದ್ದು. ಕತ್ತಿನ ಚರ್ಮ ಬೇಕೆಂದರೆ ಹಕ್ಕಿ ಸಾಯಲೇಬೇಕು. 1902ರಲ್ಲಿಯೇ ಭಾರತದಿಂದ ಕಾಡುಹಕ್ಕಿಗಳ ಗರಿಯ ರಫ್ತನ್ನು ನಿಷೇಧಿಸಲಾಯಿತಾದರೂ ಕಳ್ಳದಾರಿ ಮುಚ್ಚಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಕಾಡುಕೋಳಿಗೂ ರಕ್ಷಣೆ ನೀಡಿದೆ. ಇಂದು ಬ್ರಿಟನ್ನಿನಲ್ಲಿ ಸಾಕಿ ಬೆಳೆಸಿದ ಹಕ್ಕಿಗಳ ಗರಿ ಕಾನೂನುಬದ್ಧವಾಗಿ ದೊರೆಯುತ್ತದೆ.

ಆದರೂ ವ್ಯಾಮೋಹ ತಣಿದಿಲ್ಲ. 2009ರ ಜೂನ್ ತಿಂಗಳಲ್ಲಿ ಇಂಗ್ಲೆಂಡಿನ ಟ್ರಿಂಗ್‌ನಲ್ಲಿರುವ ನೈಸರ್ಗಿಕ ಇತಿಹಾಸ ವಸ್ತುಸಂಗ್ರಹಾಲಯದಿಂದ 299 ಹಕ್ಕಿಗಳ ಚರ್ಮ ಕಳುವಾಯಿತು. ಕದ್ದವನು ಸಾಲ್ಮನ್ ನೊಣ ಕಟ್ಟುವುದರಲ್ಲಿ ಪಳಗಿದ ಸಂಗೀತ ವಿದ್ಯಾರ್ಥಿ. ಆಲ್ಫ್ರೆಡ್ ರಸೆಲ್ ವಾಲೇಸ್ ಸಂಗ್ರಹಿಸಿದ್ದ ಹಕ್ಕಿಗಳೂ ಅವುಗಳಲ್ಲಿದ್ದವು. ಗುರುತಿನ ಚೀಟಿ ಕಳಚಿ ಗರಿ ಕಿತ್ತ ಚರ್ಮದಿಂದ ವಿಜ್ಞಾನಕ್ಕೆ ದೊರೆಯುವುದು ಅತ್ಯಲ್ಪ.

ಕೃಷಿಕರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಊರುಕೋಳಿಯ ಮುಖ್ಯ ಮೂಲ ಕೆಂಪು ಕಾಡುಕೋಳಿ. ಆದರೆ ಹಲವು ತಳಿಗಳ ಹಳದಿ ಚರ್ಮಕ್ಕೆ ಕಾರಣವಾದ ವಂಶವಾಹಿ ಬೂದು ಕಾಡುಕೋಳಿಯಿಂದ ಬಂದಿರಬೇಕೆಂದು 2008ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಕಾಡಂಚಿನಲ್ಲಿ ಮಾಂಸಕ್ಕಾಗಿ ಒಡ್ಡುವ ಉರುಳಿಗೆ ಸಿಕ್ಕುವ ಹುಂಜದೊಂದಿಗೆ ಹಿತ್ತಲಿನ ಕೋಳಿಯ ಪೂರ್ವಜರ ಸಂಪತ್ತೂ ಕರಗುತ್ತದೆ.

ಸಾಲ್ಮನ್ ಮೀನು ಕಾಡುಕೋಳಿಯ ಗರಿಯೇ ಬೇಕೆಂದು ಕೇಳಿದ್ದಿಲ್ಲ. ಊರು ಹುಂಜದ ಗರಿಗೆ ಬಣ್ಣದ ಚುಕ್ಕೆಯಿಟ್ಟರೂ ನೊಣಕ್ಕೆ ಕಣ್ಣು ಮೂಡುತ್ತದೆ. ಕಟ್ಟುವ ಕೈಯ ಚಳಕಕ್ಕೆ ಅದರಿಂದ ಕುಂದಿಲ್ಲ. ಗರಿ ಎಲ್ಲಿಂದ ಬಂತೆಂದು ಕೊಳ್ಳುವವನು ಕೇಳಬೇಕು. ಉರುಳು ಕಂಡವನು ಅರಣ್ಯ ಇಲಾಖೆಗೆ ತಿಳಿಸಬೇಕು. ಆ ಗರಿ ಇರಬೇಕಾದುದು ಕೂಗುವ ಹುಂಜದ ಕತ್ತಿನಲ್ಲಿ. ಅದು ತಾನಾಗಿ ಉದುರುವ ಕಾಲವೂ ವರ್ಷಕ್ಕೊಮ್ಮೆ ಬರುತ್ತದೆ.